ಬೆಳಕು-ಕತ್ತಲೆ ಹಿಡ್ಕೊಂಡು ಆಯ್ಸ್ಟರ್ ಮರಿ ಕೂರಿಸೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಚಿಪ್ಪುಮೀನಿನ ಹ್ಯಾಚರಿ, ಅಂದ್ರೆ ಮರಿ ಮಾಡಿ ಬೆಳೆಸೋ ಜಾಗದ ಬಗ್ಗೆ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಸರ್ ಮರಿಗಳು ಚೆನ್ನಾಗಿ ಅಂಟ್ಕೋಬೇಕು ಅಂದ್ರೆ ಯಾವ ಲೈಟ್ ಹಾಕ್ಬೇಕು ಅಂತ. ನನ್ನ ಉತ್ತರ ಪ್ರತಿ ಸಲ ಒಂದೇ, ಲೈಟ್ ಆಮೇಲೆ ನೋಡೋಣ ಮೊದಲು ಒಂದು ಒಳ್ಳೆ ಕಪ್ಪು ಟಾರ್ಪಾಲ್ ತನ್ನಿ. ಯಾಕೆ ಹಾಗಂತೀನಿ ಅನ್ನೋದು ಕೆಳಗೆ ಓದ್ತಾ ಹೋದ್ರೆ ಗೊತ್ತಾಗುತ್ತೆ. ಹೆಚ್ಚಾಗಿ ಆಯ್ಸ್ಟರ್, ಅಂದ್ರೆ ಕಲ್ಲಿಗೆ ಅಂಟ್ಕೊಂಡು ಬೆಳೆಯೋ ಚಿಪ್ಪುಮೀನಿನ ಬಗ್ಗೆನೇ ಬರ್ದಿದೀನಿ, ಯಾಕಂದ್ರೆ ಈ ವಿಷಯದಲ್ಲಿ ಜಾಸ್ತಿ ಕೆಲಸ ಆಗಿರೋದು ಅದ್ರ ಮೇಲೇನೆ. ಪಚ್ಚಿಲೆ (ಮಸ್ಸೆಲ್), ಬಳಚು (ಮರಳಲ್ಲಿ ಹೂತಿರೋ ಚಿಪ್ಪುಮೀನು) ಬಗ್ಗೆ ಕೇಳೋರಿಗೆ ಮುಂದೆ ಬೇರೆ ಉತ್ತರ ಇದೆ.

ಮರಿ ಕೂರೋದು ಅಂದ್ರೆ ನಿಜವಾಗ್ಲೂ ಏನು ನಡೆಯುತ್ತೆ?

ಆಯ್ಸ್ಟರ್ ಹುಟ್ಟೋವಾಗ ನಾವು ನೋಡೋ ಹಾಗೆ ಕಲ್ಲಿಗೆ ಅಂಟ್ಕೊಂಡಿರಲ್ಲ, ನೀರಲ್ಲಿ ತೇಲ್ತಾ ಈಜ್ತಾ ಇರುತ್ತೆ. ಮೊಟ್ಟೆ ಫಲಿತ ಆಗಿ ಒಂದು ದಿನದೊಳಗೆ ಇಂಗ್ಲಿಷ್ ಡಿ ಅಕ್ಷರದ ಆಕಾರದ ಪುಟಾಣಿ ಚಿಪ್ಪು ಬರುತ್ತೆ, ಅಂಚಲ್ಲಿ ಕೂದಲಿನ ಥರ ಇರೋ ಸಿಲಿಯಾ ಬೀಸ್ಕೊಂಡು ಈಜುತ್ತೆ, ಸೂಕ್ಷ್ಮ ಪಾಚಿ ತಿನ್ನುತ್ತೆ, ಹೀಗೆ ಎರಡು ಮೂರು ವಾರ ಕಳಿಯುತ್ತೆ. ಸುಮಾರು 0.3 ಮಿಲಿಮೀಟರ್ ಆಗೋ ಹೊತ್ತಿಗೆ ಅದಕ್ಕೆ ಎರಡು ಹೊಸ ಸಾಮಾನು ಬರುತ್ತೆ, ಒಂದು ಪಾದ, ಇನ್ನೊಂದು ಕಣ್ಣಿನ ಚುಕ್ಕೆ. ಆ ಪಾದದಲ್ಲಿ ನೆಲ ಮುಟ್ಟಿ ತೆವಳಿ ತೆವಳಿ ಜಾಗ ಹುಡುಕುತ್ತೆ, ಇಷ್ಟ ಆಗ್ಲಿಲ್ಲ ಅಂದ್ರೆ ಮತ್ತೆ ಎದ್ದು ಈಜ್ಕೊಂಡು ಹೋಗುತ್ತೆ, ಇಷ್ಟ ಆಯ್ತು ಅಂದ್ರೆ ಪಾದದ ಗ್ರಂಥಿಯಿಂದ ಒಂದು ಹನಿ ಸಿಮೆಂಟ್ ಥರದ್ದು ಬಿಟ್ಟು ಎಡಗಡೆ ಚಿಪ್ಪನ್ನ ಅದ್ರ ಮೇಲೆ ಒತ್ತುತ್ತೆ. ಅಲ್ಲಿಗೆ ಮುಗೀತು, ಇನ್ನು ಜೀವನ ಪೂರ್ತಿ ಆ ಜಾಗ ಬಿಟ್ಟು ಕದಲಲ್ಲ. ಒಂದೆರಡು ದಿನದಲ್ಲಿ ಈಜೋ ಅಂಗ ಹೋಗುತ್ತೆ, ಪಾದ ಹೋಗುತ್ತೆ, ಕಣ್ಣಿನ ಚುಕ್ಕೆನೂ ಹೋಗುತ್ತೆ. ಹೀಗೆ ಕೂತಿರೋ ಮರಿಗೆ ಸ್ಪ್ಯಾಟ್ ಅಂತಾರೆ.

ಹ್ಯಾಚರಿಯವರಿಗೆ ಈ ಕೆಲವು ಗಂಟೆಗಳೇ ತಲೆನೋವು. ಮೂರು ವಾರ ಸಾಕಿ, ಊಟ ಹಾಕಿ, ನೀರು ಬದಲಾಯಿಸಿ ಬೆಳೆಸಿದ್ದೆಲ್ಲ ಟ್ಯಾಂಕಿನ ಗೋಡೆಗೆ ಹೋಗಿ ಅಂಟ್ಕೊಂಡ್ರೆ ಕೆರೆದು ಬಿಸಾಡೋದು ಬಿಟ್ಟು ಬೇರೆ ದಾರಿ ಇಲ್ಲ.

ಕಣ್ಣು ಅಂದ್ರಲ್ಲ, ಅದಕ್ಕೆ ಕಾಣುತ್ತಾ?

ನಮ್ಮ ಥರ ಕಾಣಲ್ಲ. ಎರಡು ಪಕ್ಕಕ್ಕೂ ಒಂದೊಂದು ಕಪ್ಪು ಚುಕ್ಕೆ, ಚಿಪ್ಪು ಪಾರದರ್ಶಕ ಇರೋದ್ರಿಂದ ಮೈಕ್ರೋಸ್ಕೋಪಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಒಂದು ಕಡೆ ಬಣ್ಣದ ಪರದೆ ಇರುತ್ತೆ, ಅದ್ರ ಹಿಂದೆ ಬೆಳಕು ಹಿಡಿಯೋ ಜೀವಕೋಶ, ಅಷ್ಟೇ. ಹಾಗಾಗಿ ಬೆಳಕು ಎಷ್ಟಿದೆ, ಯಾವ ಕಡೆಯಿಂದ ಬರ್ತಿದೆ, ಈಗ ತಾನೇ ಕಮ್ಮಿ ಆಯ್ತಾ ಅನ್ನೋದು ಗೊತ್ತಾಗುತ್ತೆ, ಮುಂದೆ ಇರೋದು ಕಲ್ಲಾ ಚಿಪ್ಪಾ ಅಂತ ಗೊತ್ತಾಗಲ್ಲ. ಇಷ್ಟು ಸರಳವಾದ ಕಣ್ಣಲ್ಲೇ ದಿಕ್ಕು ಹಿಡ್ದು ಈಜೋಕಾಗುತ್ತೆ ಅನ್ನೋದನ್ನ ಪ್ಲಾಟಿನೆರೀಸ್ ಅನ್ನೋ ಸಮುದ್ರದ ಹುಳದ ಲಾರ್ವಾ (ನೀರಲ್ಲಿ ಈಜೋ ಎಳೆ ಮರಿ) ಮೇಲೆ 2008ರಲ್ಲಿ ಚೆನ್ನಾಗಿ ತೋರ್ಸಿದಾರೆ. ಅದ್ರ ಕಣ್ಣಲ್ಲಿ ಇರೋದು ಎರಡೇ ಜೀವಕೋಶ, ಬೆಳಕು ಬಿದ್ದ ಕಡೆಯ ಸಿಲಿಯಾ ಬಡಿತ ಬದಲಾಗುತ್ತೆ, ಹುಳ ತಿರುಗ್ತಾ ತಿರುಗ್ತಾ ಬೆಳಕಿನ ಕಡೆ ವಾಲುತ್ತೆ.

ದೊಡ್ಡದಾದ ಮೇಲೆ ಆಯ್ಸ್ಟರ್‌ಗೆ ಈ ಕಣ್ಣು ಇರಲ್ಲ, ಆದ್ರೂ ಮೇಲೆ ನೆರಳು ಬಿದ್ರೆ ಟಪ್ ಅಂತ ಬಾಯಿ ಮುಚ್ಚುತ್ತೆ.

ಮರಿಗಳು ಬೆಳಕಿನ ಕಡೆ ಹೋಗ್ತವಾ ಇಲ್ಲ ದೂರ ಓಡ್ತವಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಇಬ್ರು ಹೇಳೋದೂ ಸರಿ, ವಯಸ್ಸು ಯಾವುದು ಅಂತ ಕೇಳ್ಬೇಕು ಅಷ್ಟೇ. ಡೆನ್ಮಾರ್ಕಿನ ಗುನ್ನಾರ್ ಥೋರ್ಸನ್ ಅನ್ನೋ ವಿಜ್ಞಾನಿ 1964ರಲ್ಲಿ ಸಮುದ್ರದ ತಳದ ಪ್ರಾಣಿಗಳ ಲಾರ್ವಾಗಳ ಬಗ್ಗೆ ಅಲ್ಲಿ ತನಕ ಗೊತ್ತಿದ್ದದ್ದನ್ನೆಲ್ಲ ಗುಡ್ಡೆ ಹಾಕಿ ನೋಡಿದ್ರು, 141 ಜಾತಿಗಳಲ್ಲಿ 82 ಪರ್ಸೆಂಟ್ ಎಳೆ ವಯಸ್ಸಲ್ಲಿ ಬೆಳಕಿನ ಕಡೆ ಹೋಗೋವು, 12 ಪರ್ಸೆಂಟಿಗೆ ಬೆಳಕಿದ್ರೂ ಒಂದೇ ಇಲ್ದಿದ್ರೂ ಒಂದೇ, 6 ಪರ್ಸೆಂಟ್ ಮಾತ್ರ ಮೊದಲಿಂದ್ಲೂ ಬೆಳಕು ಕಂಡ್ರೆ ದೂರ. ಅರ್ಥ ಆಗೋ ಮಾತೇ, ಮೇಲಿನ ನೀರಲ್ಲಿ ಪಾಚಿ ಊಟ ಇದೆ, ಹರಿವು ಇದೆ, ಊರೂರು ಸುತ್ತಬಹುದು. ವಯಸ್ಸಾಗಿ ಕೂರೋ ಕಾಲ ಬಂದಾಗ ಬಹಳ ಜಾತಿಗಳು ತಿರುಗಿ ಕೆಳಗೆ, ಕತ್ತಲೆ ಕಡೆ ಹೊರಡ್ತವೆ. ಅದೇ ವರ್ಷ ಬೇಯ್ನ್ ಅನ್ನೋರು ನೀಲಿ ಮಸ್ಸೆಲ್ ಮೇಲೆ ಮಾಡಿದ ಪ್ರಯೋಗದಲ್ಲೂ ಎಳೆ ಮರಿ ಬೆಳಕಿನ ಕಡೆ, ಪಾದ ಬಂದ ಮರಿ ಬೆಳಕಿಗೆ ಬೆನ್ನು.

ಆದ್ರೆ ಇದು ಗಡಿಯಾರ ಇಟ್ಟ ಹಾಗೆ ಆಗೋದಲ್ಲ. ನೀರಿನ ಬಿಸಿ, ಉಪ್ಪು, ಒತ್ತಡ, ಹೊಟ್ಟೆ ತುಂಬಿದ್ಯಾ ಇಲ್ವಾ, ಇವೆಲ್ಲ ಸೇರ್ಕೊಂಡು ಅದ್ರ ಮನಸ್ಸು ಬದಲಾಯಿಸ್ತವೆ. ಒಂದೇ ಟ್ಯಾಂಕಲ್ಲಿ ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಅರ್ಧ ಮೇಲಿರುತ್ತೆ, ಅರ್ಧ ಕೆಳಗಿರುತ್ತೆ, ಅದಕ್ಕೆ ಗಾಬರಿ ಆಗ್ಬೇಡಿ.

ಯಾವಾಗ್ಲೂ ಚಿಪ್ಪಿನ ಅಡಿಭಾಗದಲ್ಲೇ ಯಾಕೆ ಜಾಸ್ತಿ ಕೂರುತ್ತೆ? ಕತ್ತಲೆ ಅಂತಾನಾ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ, ಯಾಕಂದ್ರೆ ದೊಡ್ಡವರೇ ಇದ್ರ ಮೇಲೆ ವರ್ಷಗಟ್ಟಲೆ ಜಗ್ಗಾಡಿದಾರೆ. 1930ರ ದಶಕದಲ್ಲಿ ಅಮೆರಿಕದ ಪ್ಯೂಜೆಟ್ ಸೌಂಡ್ ಅನ್ನೋ ಕೊಲ್ಲೀಲಿ ಹಾಪ್ಕಿನ್ಸ್ ಅನ್ನೋರು ಒಲಿಂಪಿಯಾ ಆಯ್ಸ್ಟರ್ ಮೇಲೆ ಕೆಲಸ ಮಾಡ್ತಾ ಗಾಜಿನ ಹಲಗೆಗಳನ್ನ ಬೇರೆ ಬೇರೆ ಕೋನದಲ್ಲಿ ಇಟ್ಟು ನೋಡಿದ್ರು, ಅಡ್ಡಡ್ಡ ಮಲಗಿಸಿದ ಹಲಗೆಯ ಕೆಳಮುಖದಲ್ಲಿ ಮರಿ ತುಂಬ್ಕೊಳ್ತಿತ್ತು, ಮೇಲ್ಮುಖದಲ್ಲಿ ಏನೂ ಇಲ್ಲ ಅನ್ನೋಷ್ಟು ಕಮ್ಮಿ. ಅವರ ವಾದ ಏನಂದ್ರೆ ಇದು ಬೆಳಕಿನ ಕತೆ ಅಲ್ಲ, ಮರಿ ಈಜೋ ಭಂಗಿನೇ ಹಾಗೆ, ಈಜೋ ಅಂಗ ಮತ್ತೆ ಪಾದ ಮೇಲೆ, ಭಾರದ ಚಿಪ್ಪು ಕೆಳಗೆ, ಮೇಲಕ್ಕೆ ಈಜ್ತಾ ಹೋಗಿ ಯಾವುದಕ್ಕಾದ್ರೂ ಬಡಿದ್ರೆ ಅದು ಅದ್ರ ಅಡಿಭಾಗವೇ ಆಗಿರುತ್ತೆ, ಪಾದ ನೇರ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ.

ಆ ಕಡೆ ವೇಲ್ಸ್‌ನ ಕಾನ್ವಿಯಲ್ಲಿ ಕೋಲ್ ಮತ್ತೆ ನೈಟ್-ಜೋನ್ಸ್ ಅನ್ನೋ ಇಬ್ರು ಯುರೋಪಿನ ಚಪ್ಪಟೆ ಆಯ್ಸ್ಟರ್ ಇಟ್ಕೊಂಡು ದೊಡ್ಡ ಟ್ಯಾಂಕ್‌ಗಳಲ್ಲಿ ವರ್ಷಾನುಗಟ್ಟಲೆ ನೋಡಿದ್ರು, 1939ರಲ್ಲಿ ಒಂದು ವರದಿ, 1949ರಲ್ಲಿ ಇನ್ನೊಂದು. ಬೆಳಕು ನೆರಳಿನ ಜೊತೆಗೆ ಅವರಿಗೆ ಸಿಕ್ಕಿದ ದೊಡ್ಡ ವಿಷಯ, ಈಗಾಗ್ಲೇ ಮರಿ ಕೂತಿರೋ ಚಿಪ್ಪಿಗೆ ಇನ್ನಷ್ಟು ಮರಿ ಬಂದು ಕೂರುತ್ತೆ, ಜನ ಇರೋ ಕಡೆಗೇ ಜನ ಅನ್ನೋ ಹಾಗೆ. ಆಮೇಲೆ 1969ರಲ್ಲಿ ರಿಚಿ ಮತ್ತೆ ಮೆನ್ಜೆಲ್ ಅನ್ನೋರು ಅಮೆರಿಕದ ಪೂರ್ವ ಕರಾವಳಿಯ ಆಯ್ಸ್ಟರ್ ಮೇಲೆ ಬೆಳಕಿನ ಪ್ರಯೋಗ ಮಾಡಿದ್ರು, ಅದ್ರಲ್ಲಿ ಬೆಳಕಿರೋ ಮುಖಕ್ಕಿಂತ ನೆರಳಿನ ಮುಖವೇ ಮರಿಗಳಿಗೆ ಇಷ್ಟ ಅಂತ ಬಂತು.

ಇದ್ರ ಜೊತೆ ಮೂರನೇದು ಒಂದಿದೆ, ಹೊಳೆಯಲ್ಲಿ ಚಿಪ್ಪು ಇಟ್ಟೋರಿಗೆ ಚೆನ್ನಾಗಿ ಗೊತ್ತು. ಮೇಲ್ಮುಖದ ಮೇಲೆ ಕೆಸರು ಕೂರುತ್ತೆ, ಪಾಚಿ ಬೆಳೆಯುತ್ತೆ, ಅಲ್ಲಿ ಕೂತ ಮರಿ ಉಸಿರು ಕಟ್ಟಿ ಸಾಯುತ್ತೆ, ನಾವು ತಿಂಗಳು ಬಿಟ್ಟು ಎತ್ತಿ ಎಣಿಸೋವಾಗ ಕೆಳಗಡೆ ಮಾತ್ರ ಇರುತ್ತೆ. ಅದನ್ನ ನೋಡಿ ಕತ್ತಲೆ ಇಷ್ಟ ಅಂದ್ಬಿಟ್ರೆ ಅರ್ಧ ತಪ್ಪು. ನನ್ನ ಅಭಿಪ್ರಾಯ ಕೇಳಿದ್ರೆ ಮೂರೂ ಕೆಲಸ ಮಾಡ್ತವೆ, ಟ್ಯಾಂಕಲ್ಲಿ ಕೆಸರು ಇಲ್ಲದೆ ಇರೋದ್ರಿಂದ ಬೆಳಕಿನ ಪಾಲು ಜಾಸ್ತಿ ಕಾಣುತ್ತೆ, ಹೊಳೆಲಿ ಕೆಸರಿನ ಪಾಲು ಜಾಸ್ತಿ.

ಸರಿ, ಟ್ಯಾಂಕಲ್ಲಿ ಏನು ಮಾಡ್ಬೇಕು ಅದನ್ನ ಹೇಳಿ.

ಅಮೆರಿಕದ ವಾಷಿಂಗ್ಟನ್, ಆರೆಗನ್ ಕಡೆ ಪೆಸಿಫಿಕ್ ಆಯ್ಸ್ಟರ್ ಬೆಳೆಯೋರು ಮಾಡೋ ವಿಧಾನ ಹೇಳ್ತೀನಿ, ರಿಮೋಟ್ ಸೆಟ್ಟಿಂಗ್ ಅಂತ ಹೆಸರು. ಹ್ಯಾಚರಿ ಒಂದು ಕಡೆ, ಆಯ್ಸ್ಟರ್ ಬೆಳೆಸೋ ತೋಟ ಇನ್ನೊಂದು ಕಡೆ. ಕಣ್ಣಿನ ಚುಕ್ಕೆ ಬಂದ ಮರಿಗಳನ್ನ ಜರಡಿ ಹಿಡಿದು, ಒದ್ದೆ ಬಟ್ಟೆಲಿ ಉಂಡೆ ಕಟ್ಟಿ, ಫ್ರಿಜ್ ತಂಪಲ್ಲಿ ಇಟ್ಟು ಕಳಿಸ್ತಾರೆ, ಗಾಲ್ಫ್ ಬಾಲ್ ಗಾತ್ರದ ಉಂಡೆಲಿ ಇಪ್ಪತ್ತು ಲಕ್ಷದ ಹತ್ತಿರ ಮರಿ ಇರುತ್ತೆ ಅಂದ್ರೆ ನಂಬೋದು ಕಷ್ಟ. ತೋಟದವರ ಟ್ಯಾಂಕಲ್ಲಿ ಮೊದಲೇ ಹಳೇ ಆಯ್ಸ್ಟರ್ ಚಿಪ್ಪನ್ನ ಬಲೆ ಚೀಲದಲ್ಲಿ ತುಂಬಿ ಇಟ್ಟಿರ್ತಾರೆ, ಆ ಚಿಪ್ಪು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿದ್ದು ಮಾಂಸ ಎಲ್ಲ ಹೋಗಿ ಕ್ಲೀನ್ ಆಗಿರ್ಬೇಕು. ಸಮುದ್ರದ ನೀರು ತುಂಬಿ, 25 ಡಿಗ್ರಿ ಆಸುಪಾಸು ಬಿಸಿ ಮಾಡಿ, ಗಾಳಿ ಗುಳ್ಳೆ ಬಿಟ್ಟು, ಉಂಡೆನ ನಿಧಾನಕ್ಕೆ ಬಕೆಟ್ ನೀರಲ್ಲಿ ಬಿಡಿಸಿ ಟ್ಯಾಂಕಿಗೆ ಸಮವಾಗಿ ಸುರಿತಾರೆ. ಎರಡು ಮೂರು ದಿನ ಹಾಗೇ ಬಿಡ್ತಾರೆ, ನೂರಕ್ಕೆ ಇಪ್ಪತ್ತು ಮೂವತ್ತು ಕೂತ್ರೆ ಒಳ್ಳೆ ಸೆಟ್ ಅಂತಲೇ ಲೆಕ್ಕ.

ಇದ್ರಲ್ಲಿ ಬೆಳಕು ಎಲ್ಲಿ ಬಂತು ಅಂದ್ರೆ, ಟ್ಯಾಂಕ್ ತೆರೆದಿಟ್ರೆ ಮರಿಗಳೆಲ್ಲ ನೆರಳು ಹುಡುಕ್ಕೊಂಡು ತಳದ ಚೀಲಗಳಿಗೆ, ಮೂಲೆಗಳಿಗೆ, ಚಿಪ್ಪಿನ ಒಳಮಡಿಕೆಗೆ ನುಗ್ತವೆ, ಮೇಲಿನ ಚೀಲ ಖಾಲಿ, ಕೆಳಗಿನ ಒಂದೊಂದು ಚಿಪ್ಪಲ್ಲಿ ನೂರಾರು. ನೂರಾರು ಕೂತ್ರೆ ಖುಷಿ ಪಡೋ ಹಾಗಿಲ್ಲ, ಒಂದರ ಮೇಲೊಂದು ಬೆಳೆದು ಒತ್ತಿ ಸಾಯ್ತವೆ, ಉಳಿದ್ರೂ ಆಕಾರ ಕೆಟ್ಟಿರುತ್ತೆ. ಟಾರ್ಪಾಲ್ ಹಾಕಿ ಪೂರ್ತಿ ಕತ್ತಲೆ ಮಾಡಿದ್ರೆ ಟ್ಯಾಂಕಿನ ಎಲ್ಲಾ ಜಾಗನೂ ಮರಿಗೆ ಒಂದೇ, ಹಾಗಾಗಿ ಎಲ್ಲಾ ಕಡೆ ಹರಡ್ಕೊಂಡು ಕೂರುತ್ತೆ. ಇಡೀ ಪುಟದಲ್ಲಿ ಒಂದೇ ಮಾತು ಓದೋರು ಇದನ್ನೇ ಓದಿ: ಕತ್ತಲೆ ಮಾಡೋದು ಮರಿನ ಕೂರಿಸೋಕೆ ಅನ್ನೋದಕ್ಕಿಂತ ಹೆಚ್ಚಾಗಿ ಸಮವಾಗಿ ಹಂಚೋಕೆ. ತಯಾರಾಗದ ಮರಿನ ಎಷ್ಟು ಕತ್ತಲಲ್ಲಿ ಇಟ್ರೂ ಅದು ಕೂರಲ್ಲ, ತಯಾರಾದ ಮರಿ ಬೆಳಕಲ್ಲೂ ಎಲ್ಲಾದ್ರೂ ಒಂದು ಕಡೆ ಕೂತೇ ಕೂರುತ್ತೆ.

ಅರ್ಧ ಮುಚ್ಚಿದ್ರೆ ಸಾಕಾ? ಗಾಳಿ ಪೈಪಿಗೆ, ವಯರಿಗೆ ಸಂದು ಬೇಕಲ್ಲ.

ಅರ್ಧ ಮುಚ್ಚೋದು ಮುಚ್ಚದೇ ಇರೋದಕ್ಕಿಂತ ಕೆಟ್ಟದ್ದು ಅಂತಾನೇ ಹೇಳ್ತೀನಿ. ಪೂರ್ತಿ ತೆರೆದ ಟ್ಯಾಂಕಲ್ಲಿ ಬೆಳಕು ಮೇಲಿಂದ ಒಂದೇ ಸಮ ಬರುತ್ತೆ, ಸಂದಿಯಿಂದ ಬರೋ ಬೆಳಕು ಒಂದು ಪಕ್ಕಕ್ಕೆ ಮಾತ್ರ ಬೀಳುತ್ತೆ, ಮರಿಗಳು ಇನ್ನೊಂದು ಪಕ್ಕಕ್ಕೆ ಗುಂಪು ಕಟ್ತವೆ. ಪೈಪ್ ಹೋಗೋ ಜಾಗಕ್ಕೆ ಕಪ್ಪು ಬಟ್ಟೆ ಸುತ್ತಿ, ಒಳಗೆ ಕೈ ಇಟ್ಟು ನೋಡಿ, ಬೆರಳು ಕಾಣ್ಬಾರ್ದು. ಬಿಳಿ ಅಥವಾ ತಿಳಿ ನೀಲಿ ಟ್ಯಾಂಕ್ ಆದ್ರೆ ಫೈಬರ್ ಗೋಡೆಯಿಂದಲೇ ಬೆಳಕು ತೂರಿ ಬರುತ್ತೆ, ಹೊರಗಿಂದ ಟಾರ್ಚ್ ಹಿಡಿದು ಒಳಗೆ ನೋಡಿದ್ರೆ ಗೊತ್ತಾಗುತ್ತೆ. ಇನ್ನೊಂದು, ಬಿಸಿಲಲ್ಲಿರೋ ಟ್ಯಾಂಕಿಗೆ ಕಪ್ಪು ಟಾರ್ಪಾಲ್ ನೇರ ಹೊದಿಸ್ಬೇಡಿ, ನೀರು ಕಾದು ಮರಿ ಸಾಯುತ್ತೆ, ಮೇಲೊಂದು ಶೆಡ್ ಇರ್ಲಿ ಇಲ್ಲ ಟಾರ್ಪಾಲ್ ಮೇಲೆ ಬಿಳಿ ಬಟ್ಟೆ ಇರ್ಲಿ.

ಟ್ಯಾಂಕಿನ ಬಣ್ಣ ಮುಖ್ಯನಾ?

ಹೌದು, ಜನ ಅಂದ್ಕೊಂಡಿರೋದಕ್ಕಿಂತ ಜಾಸ್ತಿ. ಮುತ್ತಿನ ಚಿಪ್ಪಿನ ಮರಿಗಳನ್ನ ಹ್ಯಾಚರಿಲಿ ಬೆಳೆಸೋದನ್ನ ನಮ್ಮ ದೇಶದಲ್ಲಿ ಮೊದಲು ಸಾಧಿಸಿದ್ದು ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ತೂತ್ತುಕುಡಿಲಿ, 1980ರ ದಶಕದ ಶುರುವಲ್ಲಿ, ಅಳಗರಸ್ವಾಮಿ ಅವರ ತಂಡ. ಕಪ್ಪು ಟ್ಯಾಂಕಿಗೆ ಒಲವು ಬಂದಿದ್ದು ಆ ಥರದ ಕೆಲಸದಿಂದಲೇ. ಕಾರಣ ಸರಳ, ಬಿಳಿ ಗೋಡೆ ಬೆಳಕನ್ನ ಎಲ್ಲಾ ಕಡೆ ಚೆಲ್ಲುತ್ತೆ, ಕಪ್ಪು ಗೋಡೆ ನುಂಗುತ್ತೆ. ಆದ್ರೆ ಕೂರೋ ಹಂತದಲ್ಲಿ ಒಂದು ತೊಂದರೆ ಇದೆ, ಗೋಡೆ ಕಪ್ಪಗಿದ್ದು ಒಳಗೆ ಹಾಕಿರೋ ಚಿಪ್ಪು ಬೆಳ್ಳಗಿದ್ರೆ, ಸ್ವಲ್ಪ ಬೆಳಕು ಸೋರಿದ್ರೂ ಮರಿಗೆ ಗೋಡೆನೇ ಚೆಂದ ಕಾಣುತ್ತೆ. ಕತ್ತಲೆ ಪೂರ್ತಿ ಇದ್ರೆ ಈ ತಾಪತ್ರಯ ಇಲ್ಲ.

ಯಾವ ಬಣ್ಣದ ಎಲ್ಇಡಿ ಒಳ್ಳೇದು? ನೀಲಿ, ಹಸಿರು, ಕೆಂಪು ಅಂತ ಮಾರ್ತಿದಾರೆ.

ಮಾರೋರು ಮಾರ್ತಾರೆ ಬಿಡಿ. ವಿಷಯ ಏನಂದ್ರೆ ನೀರು ಎಲ್ಲಾ ಬಣ್ಣನೂ ಒಂದೇ ಥರ ಬಿಡಲ್ಲ. ಕೆಂಪು ಮೊದಲ ಕೆಲವು ಮೀಟರಲ್ಲೇ ಮುಗಿಯುತ್ತೆ, ತಿಳಿ ಸಮುದ್ರದಲ್ಲಿ ನೀಲಿ ಬಹಳ ಆಳಕ್ಕೆ ಹೋಗುತ್ತೆ, ಅಳಿವೆ ನೀರಲ್ಲಿ ಎಲೆ ಮಣ್ಣು ಕೊಳೆತ ಹಳದಿ ಅಂಶ ಇರೋದ್ರಿಂದ ನೀಲಿ ಅಲ್ಲೇ ಸಾಯುತ್ತೆ, ಹಸಿರು ಹಳದಿ ಉಳ್ಕೊಳ್ಳುತ್ತೆ. ಸಮುದ್ರದ ಲಾರ್ವಾಗಳ ಕಣ್ಣು ಹೆಚ್ಚಾಗಿ ನೀಲಿ-ಹಸಿರಿಗೆ ಚುರುಕು, ಕೆಂಪಿಗೆ ಮಂದ. ಅದಕ್ಕೇ ರಾತ್ರಿ ಟ್ಯಾಂಕ್ ಇಣುಕಿ ನೋಡ್ಬೇಕಾದ್ರೆ ಮಂದ ಕೆಂಪು ಟಾರ್ಚ್ ಹಿಡಿಯೋದು ವಾಸಿ. ಅದು ಬಿಟ್ರೆ ಇಂಥ ಬಣ್ಣದ ಲೈಟ್ ಹಾಕಿದ್ರೆ ಆಯ್ಸ್ಟರ್ ಇಷ್ಟು ಪರ್ಸೆಂಟ್ ಜಾಸ್ತಿ ಕೂರುತ್ತೆ ಅಂತ ಡಬ್ಬದ ಮೇಲೆ ಬರ್ದಿದ್ರೆ ನಾನಂತೂ ದುಡ್ಡು ಕೊಡಲ್ಲ, ಜಾತಿ ಬೇರೆ ಆದ್ರೆ ಉತ್ತರನೂ ಬೇರೆ ಆಗುತ್ತೆ.

ಲಕ್ಸ್ ಮೀಟರ್ ತಗೋಬೇಕಾ?

ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗೆ ಅಂತ ಮಾಡಿದ ಅಳತೆ, ಹಸಿರು-ಹಳದಿಗೆ, ಅಂದ್ರೆ 555 ನ್ಯಾನೋಮೀಟರ್ ಹತ್ತಿರ, ಜಾಸ್ತಿ ತೂಕ ಕೊಡುತ್ತೆ, ನೀಲಿನ ಲೆಕ್ಕಕ್ಕೇ ಇಡಲ್ಲ ಅನ್ನೋಷ್ಟು ಕಮ್ಮಿ ಮಾಡುತ್ತೆ. ಒಂದು ನೀಲಿ ಎಲ್ಇಡಿ ನಿಮ್ಮ ಮೀಟರಲ್ಲಿ ಕಮ್ಮಿ ತೋರ್ಸಿದ್ರೂ ಮರಿಗೆ ಕಣ್ಣು ಕುಕ್ಕೋಷ್ಟು ಇರಬಹುದು. ಸಂಶೋಧನೆ ಮಾಡೋರು ಫೋಟಾನ್ (ಬೆಳಕಿನ ಕಣ) ಎಣಿಸೋ ಮೀಟರ್ ಇಟ್ಕೊಳ್ತಾರೆ, ಅದು ದುಬಾರಿ. ಕತ್ತಲೆ ಮಾಡೋದೇ ನಿಮ್ಮ ಕೆಲಸ ಆದ್ರೆ ಯಾವ ಮೀಟರೂ ಬೇಡ.

ಕತ್ತಲೆ ಬದಲು ಔಷಧಿ ಹಾಕಿ ಕೂರಿಸ್ತಾರಂತೆ?

ಹೌದು, ಅದೇನು ಗುಟ್ಟಲ್ಲ. 1985ರ ಆಸುಪಾಸಲ್ಲಿ ಕೂನ್, ಬೋನಾರ್, ವೀನರ್ ಅನ್ನೋರು ಪೆಸಿಫಿಕ್ ಆಯ್ಸ್ಟರ್ ಮರಿಗೆ ಎಪಿನೆಫ್ರಿನ್ (ಅಡ್ರಿನಲಿನ್ ಹಾರ್ಮೋನ್) ಥರದ್ದು ಕೊಟ್ರೆ ಅದು ಎಲ್ಲೂ ಅಂಟದೆನೇ ರೂಪಾಂತರ ಆಗಿಬಿಡುತ್ತೆ ಅಂತ ತೋರಿಸಿದ್ರು. ಬಿಡಿ ಬಿಡಿ ಆಯ್ಸ್ಟರ್ ಬೇಕು ಅನ್ನೋ ಹ್ಯಾಚರಿಗಳಿಗೆ ಅನುಕೂಲ ಆಯ್ತು, ಹೋಟೆಲಲ್ಲಿ ಪ್ಲೇಟಿಗೆ ಹಾಕೋಕೆ ಒಂದೊಂದಾಗಿ ಇರೋದೇ ಬೇಕಲ್ಲ. ಬಿಡಿ ಆಯ್ಸ್ಟರ್‌ಗೆ ಇನ್ನೊಂದು ದಾರಿನೂ ಇದೆ, ಚಿಪ್ಪನ್ನ ಮರಿಯಷ್ಟೇ ಸಣ್ಣಗೆ ಪುಡಿ ಮಾಡಿ ಹಾಕೋದು, ಒಂದು ಹರಳಿಗೆ ಒಂದೇ ಮರಿ ಕೂರೋಕೆ ಜಾಗ. ಈ ಎರಡೂ ದಾರಿಲಿ ಬೆಳಕಿನ ಪಾತ್ರ ಬಹಳ ಕಮ್ಮಿ. ಚಿಪ್ಪಿನ ಮೇಲೇ ಬೆಳೆಸೋರಿಗೆ, ಅಮೆರಿಕದ ಮೇರಿಲ್ಯಾಂಡಲ್ಲಿ ಹಾರ್ನ್ ಪಾಯಿಂಟ್ ಲ್ಯಾಬ್ ಮಾಡೋ ಹಾಗೆ ಚೆಸಪೀಕ್ ಕೊಲ್ಲಿಗೆ ವಾಪಸ್ ಬಿಡೋಕೆ ಅಂತ ಬೆಳೆಸೋರಿಗೆ, ಔಷಧಿ ಬೇಡ, ಅಲ್ಲಿ ಹಂಚಿಕೆನೇ ಮುಖ್ಯ.

ಬೆಳಕನ್ನ ಉಲ್ಟಾ ಉಪಯೋಗಿಸಬಹುದಾ, ಅಂದ್ರೆ ಕೂರದ ಹಾಗೆ ಮಾಡೋಕೆ?

ಬೇಡದ ಕಡೆ ಚಿಪ್ಪು ಕೂತು ಕಾಟ ಕೊಡೋದು ಸಣ್ಣ ವಿಷಯ ಅಲ್ಲ. ತಮಿಳುನಾಡಿನ ಕಲ್ಪಾಕ್ಕಂ ಅಣುಸ್ಥಾವರಕ್ಕೆ ತಂಪು ಮಾಡೋ ಸಮುದ್ರದ ನೀರು ಬರೋದು ಸಮುದ್ರತಳದ ಅಡಿಯ ಸುಮಾರು ಅರ್ಧ ಕಿಲೋಮೀಟರ್ ಸುರಂಗದಲ್ಲಿ, ಅಲ್ಲಿ ಹಸಿರು ಮಸ್ಸೆಲ್ ಹೇಗೆ ತುಂಬ್ಕೊಳ್ಳುತ್ತೆ ಅನ್ನೋದ್ರ ಮೇಲೆ ಬೇಕಾದಷ್ಟು ಅಧ್ಯಯನ ಆಗಿದೆ. ಸುರಂಗ ಅಂದ್ರೆ ಏನು, ಕತ್ತಲೆ, ಹರಿಯೋ ನೀರು, ಊಟ ಮನೆ ಬಾಗಿಲಿಗೆ, ಮರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ. ಅಲ್ಲಿ ಕ್ಲೋರಿನ್ ಹಾಕಿ ತಡೀತಾರೆ.

ಅಲ್ಲಿ ಲೈಟ್ ಹಾಕಿದ್ರೆ ಓಡ್ತವಾ ಅಂದ್ರೆ, ಕೆಲವು ಪಕ್ಕಕ್ಕೆ ಹೋಗ್ಬಹುದು, ಆದ್ರೆ ಹರಿವು ಜೋರಾಗಿರೋ ಪೈಪಲ್ಲಿ 0.3 ಮಿಲಿಮೀಟರ್ ಮರಿ ತನಗಿಷ್ಟ ಬಂದ ಕಡೆ ಈಜೋಕೆ ಆಗಲ್ಲ, ನೀರು ಎಳ್ಕೊಂಡು ಹೋದ ಕಡೆ ಹೋಗುತ್ತೆ. ಇದಕ್ಕಿಂತ ಬೇರೆ ಒಂದು ದಾರಿಲಿ ಕೆಲಸ ನಡೀತಿದೆ, ಯುವಿ-ಸಿ ಎಲ್ಇಡಿ, ಅಂದ್ರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಅಕ್ಜೋನೊಬೆಲ್ ಮತ್ತೆ ಫಿಲಿಪ್ಸ್ ಕಂಪನಿಗಳು ಸೇರಿ ಹಡಗಿನ ತಳಕ್ಕೆ ಯುವಿ ದೀಪಗಳಿರೋ ಹೊದಿಕೆ ಮಾಡೋ ಯೋಜನೆ ಹಾಕ್ಕೊಂಡಿದ್ವು. ಅದು ಮರಿನ ಹೆದರಿಸಿ ಓಡಿಸೋದಲ್ಲ, ಮೇಲ್ಮೈ ಮೇಲಿನ ಬ್ಯಾಕ್ಟೀರಿಯಾ ಪದರ, ಎಳೆ ಜೀವಿ ಎಲ್ಲಾನೂ ಕೊಲ್ಲೋದು. ಎರಡನ್ನೂ ಒಂದೇ ಅಂತ ಬೆರೆಸ್ಬೇಡಿ. ಯುವಿ-ಸಿ ಕಣ್ಣಿಗೂ ಚರ್ಮಕ್ಕೂ ಅಪಾಯ, ಮನೇಲಿ ಪ್ರಯೋಗ ಮಾಡೋ ಸಾಮಾನಲ್ಲ.

ಬಂದರು, ಜೆಟ್ಟಿ ಲೈಟಿಂದ ಏನಾದ್ರೂ ಆಗುತ್ತಾ?

ಆಗುತ್ತೆ. ವೇಲ್ಸ್‌ನ ಮೆನಾಯ್ ಜಲಸಂಧಿಯಲ್ಲಿ ನೀರಿನೊಳಗೆ ಹಲಗೆ ಇಳಿಬಿಟ್ಟು ಕೆಲವಕ್ಕೆ ರಾತ್ರಿ ಹೊತ್ತು ಬಿಳಿ ಎಲ್ಇಡಿ ಹಾಕಿ, ಕೆಲವನ್ನ ಕತ್ತಲಲ್ಲೇ ಬಿಟ್ಟು ನೋಡಿದಾರೆ, 2015ರಲ್ಲಿ ಪ್ರಕಟ ಆಯ್ತು. ಯಾವ ಜೀವಿ ಎಷ್ಟು ಬಂದು ಕೂರುತ್ತೆ ಅನ್ನೋದೇ ಬದಲಾಗಿತ್ತು, ಕೆಲವು ಜಾಸ್ತಿ, ಕೆಲವು ಕಮ್ಮಿ. ರಾತ್ರಿ ಇಡೀ ಫ್ಲಡ್‌ಲೈಟ್ ಉರಿಯೋ ಜೆಟ್ಟಿ ಪಕ್ಕ ಮರಿ ಹಿಡಿಯೋಕೆ ಚಿಪ್ಪು ಸರ ಕಟ್ಟೋ ಯೋಚನೆ ಇದ್ರೆ ಜಾಗ ಸ್ವಲ್ಪ ಆಚೆ ಮಾಡ್ಕೊಳ್ಳಿ.

ಹ್ಯಾಚರಿ ಇಲ್ಲ, ಹೊಳೆಲೇ ಮರಿ ಹಿಡೀಬೇಕು. ಅಲ್ಲಿ ಬೆಳಕು ಹೇಗೆ ಕಂಟ್ರೋಲ್ ಮಾಡೋದು?

ಬೆಳಕನ್ನ ಕಂಟ್ರೋಲ್ ಮಾಡೋಕಾಗಲ್ಲ, ನೆರಳನ್ನ ಮಾಡಬಹುದು. ಫ್ರಾನ್ಸಿನ ಆರ್ಕಶಾನಲ್ಲಿ 1860ರ ದಶಕದಿಂದ ಸುಣ್ಣ ಬಳಿದ ಹೆಂಚು ಇಡ್ತಾರೆ, ಬೋರಲು ಹಾಕಿದ ದುಂಡು ಹೆಂಚಿನ ಸಾಲು, ಸಾಲಿನ ಮೇಲೆ ಅಡ್ಡ ಇನ್ನೊಂದು ಸಾಲು, ಮಧ್ಯೆ ನೀರು ಹರಿಯುತ್ತೆ, ಒಳಬಾಗಿದ ಕಡೆ ನೆರಳು, ಕೆಸರೂ ಕೂರಲ್ಲ. ಸುಣ್ಣ ಯಾಕಂದ್ರೆ ಆಮೇಲೆ ಮರಿನ ಹೆಂಚಿಂದ ಕೆರೆದು ಬಿಡಿಸೋಕೆ ಸುಲಭ ಆಗ್ಲಿ ಅಂತ. ತೂತ್ತುಕುಡಿಲಿ ನಮ್ಮ ಸಂಶೋಧನಾ ಸಂಸ್ಥೆಯವರೂ ಸುಣ್ಣ ಬಳಿದ ಹೆಂಚಲ್ಲೇ ಶುರು ಮಾಡಿದ್ದು. ಕೇರಳದ ಅಷ್ಟಮುಡಿ ಕಡೆ ಐದಾರು ಖಾಲಿ ಆಯ್ಸ್ಟರ್ ಚಿಪ್ಪು ಪೋಣಿಸಿ ಸರ ಮಾಡಿ ಇಳಿಬಿಡ್ತಾರೆ, ಜಪಾನಿನ ಹಿರೋಶಿಮಾದಲ್ಲಿ ಸ್ಕ್ಯಾಲಪ್ ಅನ್ನೋ ಇನ್ನೊಂದು ಚಿಪ್ಪುಮೀನಿನ ಚಿಪ್ಪಿನ ಸರ.

ಸರ ಕಟ್ಟೋವಾಗ ಚಿಪ್ಪಿನ ಒಳಮುಖ ಕೆಳಗೆ ಬರೋ ಹಾಗೆ ಪೋಣಿಸಿ, ಕೆಸರು ನಿಲ್ಲಲ್ಲ, ನೆರಳೂ ಸಿಗುತ್ತೆ. ಮಳೆಗಾಲದ ಕೆಂಪು ನೀರಲ್ಲಿ ಬೆಳಕಿನ ಮಾತೇ ಇಲ್ಲ, ಒಂದು ಮೊಳ ಕೆಳಗೆ ಕತ್ತಲೆ, ಜೊತೆಗೆ ಉಪ್ಪು ಇಳಿದಿರುತ್ತೆ. ನಿಜ ಹೇಳ್ಬೇಕಂದ್ರೆ ಹೊಳೆಲಿ ಬೆಳಕಿಗಿಂತ ಯಾವ ವಾರ ಇಳಿಸ್ತೀರಿ ಅನ್ನೋದೇ ದೊಡ್ಡದು. ಬೇಗ ಇಳಿಸಿದ್ರೆ ಮರಿ ಬರೋ ಮುಂಚೆ ಬಾರ್ನಕಲ್ (ಕಲ್ಲಿಗೆ, ದೋಣಿಗೆ ಅಂಟೋ ಸಣ್ಣ ಗಟ್ಟಿ ಜೀವಿ) ಬಂದು ಜಾಗ ಹಿಡಿದಿರುತ್ತೆ, ತಡ ಆದ್ರೆ ಮರಿನೇ ಇರಲ್ಲ.

ಅಘನಾಶಿನಿಯಲ್ಲಿ ಬಳಚು ಕಮ್ಮಿ ಆಗ್ತಿದೆ ಅಂತಾರೆ, ಅದಕ್ಕೆ ಈ ವಿದ್ಯೆ ಉಪಯೋಗ ಆಗುತ್ತಾ? ಪಚ್ಚಿಲೆಗೆ?

ಬಳಚು, ಮರುವಾಯಿ ಇವೆಲ್ಲ ಮರಳು ಕೆಸರಿನೊಳಗೆ ಹೂತ್ಕೊಂಡು ಬದುಕೋವು, ಸಿಮೆಂಟ್ ಹಾಕಿ ಅಂಟ್ಕೊಳ್ಳಲ್ಲ. ಮರಿ ತಳಕ್ಕೆ ಇಳಿದು ಮರಳಿನ ಕಾಳಿಗೆ ಸಣ್ಣ ನೂಲು ಹಾಕಿ ಹಿಡ್ಕೊಂಡು ಆಮೇಲೆ ಒಳಗೆ ಹೋಗುತ್ತೆ. ಅಲ್ಲಿ ಮರಳಿನ ದಪ್ಪ, ಉಪ್ಪು, ನೀರಿನ ಹರಿವು ಲೆಕ್ಕಕ್ಕೆ ಬರುತ್ತೆ, ಬೆಳಕು ಹಿಡ್ಕೊಂಡು ನೀವು ಮಾಡೋದು ಏನೂ ಇಲ್ಲ. ಮರಳು ತೆಗೆದ ಜಾಗಕ್ಕೆ ಲೈಟ್ ಹಾಕಿ ಬಳಚು ತರ್ತೀವಿ ಅಂತ ಯಾರಾದ್ರೂ ಪ್ರಾಜೆಕ್ಟ್ ಹಿಡ್ಕೊಂಡು ಬಂದ್ರೆ ಚಾ ಕೊಟ್ಟು ಕಳಿಸಿ.

ಪಚ್ಚಿಲೆ ಬೇರೆ. ಅದು ನೂಲಲ್ಲಿ ಹಿಡ್ಕೊಳ್ಳೋದು, ಬೇಕಾದ್ರೆ ಬಿಟ್ಟು ಜಾಗ ಬದಲಾಯಿಸುತ್ತೆ. ನೀಲಿ ಮಸ್ಸೆಲ್ ಬಗ್ಗೆ ಬೇಯ್ನ್ ಹೇಳಿದ್ದು ಇದನ್ನೇ, ಮೊದಲು ನಾರಿನಂಥ ಪಾಚಿ ಮೇಲೆ ಕೂತು ಸ್ವಲ್ಪ ಬೆಳೆದು ಆಮೇಲೆ ದೊಡ್ಡವು ಇರೋ ಕಡೆ ಹೋಗುತ್ತೆ. ಅದಕ್ಕೇ ಮಸ್ಸೆಲ್ ಹಿಡಿಯೋ ಹಗ್ಗ ನಾರು ನಾರಾಗಿ ಒರಟಾಗಿದ್ರೆ ಒಳ್ಳೇದು, ನುಣುಪು ನೈಲಾನ್ ಹಗ್ಗ ಎಷ್ಟು ನೆರಳಲ್ಲಿದ್ರೂ ಪ್ರಯೋಜನ ಕಮ್ಮಿ. ನಮ್ಮ ಕಡೆ, ಕಾಸರಗೋಡಿನ ಪಡನ್ನದಲ್ಲೂ, ಕಲ್ಲಿನ ಮೇಲಿರೋ ಮರಿನ ಕಿತ್ತು ತಂದು ಬಟ್ಟೆ ಸುತ್ತಿ ಹಗ್ಗಕ್ಕೆ ಕಟ್ಟೋದೇ ರೂಢಿ, ಅಲ್ಲಿ ಕೂರಿಸೋ ಪ್ರಶ್ನೆನೇ ಬರಲ್ಲ.

ಸಿಗಡಿ ಹ್ಯಾಚರಿಲಿ ಲೈಟ್ ಹಾಕಿ ಮರಿ ಹಿಡೀತಾರಲ್ಲ, ಇದೂ ಅದೇನಾ?

ಅರ್ಧ ಅದೇ. ಸಿಗಡಿಯ ನಾಪ್ಲಿಯಸ್ (ಮೊಟ್ಟೆಯಿಂದ ಆಗ ತಾನೇ ಬಂದ ಮರಿ) ಬೆಳಕಿನ ಕಡೆ ಬರೋದ್ರಿಂದ ಒಂದು ಮೂಲೇಲಿ ಬಲ್ಬ್ ಹಾಕಿ ಚುರುಕಾದವನ್ನ ಎತ್ಕೊಳ್ತಾರೆ, ನಿತ್ರಾಣ ಇದ್ದವು ಕೆಳಗೇ ಉಳೀತವೆ. ಆಯ್ಸ್ಟರ್‌ನ ಎಳೆ ಮರಿ ಮೇಲೂ ಇದನ್ನ ಮಾಡಬಹುದು, ಗಾಳಿ ನಿಲ್ಲಿಸಿ ಮೇಲೆ ಬಂದವನ್ನ ಸೈಫನ್ ಹಾಕಿ ಎಳ್ಕೊಂಡ್ರೆ ಸತ್ತವು, ಕಸ ಎಲ್ಲ ಕೆಳಗೆ ಉಳ್ಕೊಳ್ಳುತ್ತೆ. ಕಣ್ಣಿನ ಚುಕ್ಕೆ ಬಂದ ಮೇಲೆ ಈ ಆಟ ನಡೆಯಲ್ಲ, ಕೆಳಗೆ ಇಳಿದವೇ ತಯಾರಾದವು ಇರಬಹುದು, ಅವನ್ನೇ ಕಸ ಅಂತ ಚೆಲ್ಲಿಬಿಟ್ಟೀರಿ.

ನಾನೇ ಪರೀಕ್ಷೆ ಮಾಡಿ ನೋಡ್ಬೇಕು, ಹೇಗೆ?

ಒಂದೇ ಥರದ ಆರು ಬಕೆಟ್, ಮೂರು ಕತ್ತಲೆ, ಮೂರು ಬೆಳಕು. ಒಂದೊಂದೇ ಬಕೆಟ್ ಇಟ್ರೆ ಏನೂ ಗೊತ್ತಾಗಲ್ಲ, ಅದೃಷ್ಟದ ವ್ಯತ್ಯಾಸನೇ ದೊಡ್ಡದಾಗಿರುತ್ತೆ. ಎಲ್ಲದಕ್ಕೂ ಒಂದೇ ಉಂಡೆಯಿಂದ ಎಣಿಸಿದ ಮರಿ, ಒಂದೇ ಗಾತ್ರದ ಚಿಪ್ಪು, ಒಂದೇ ಊಟ. ಜನ ಎಡವೋದು ನೀರಿನ ಬಿಸಿಲಿ, ಲೈಟ್ ಹಾಕಿದ ಬಕೆಟ್ ಬೆಚ್ಚಗಾಗುತ್ತೆ, ಬೆಚ್ಚಗಿದ್ರೆ ಮರಿ ಬೇಗ ಕೂರುತ್ತೆ, ಆಮೇಲೆ ಬೆಳಕಿಂದ ಆಯ್ತು ಅಂತ ಬರ್ಕೊಳ್ತಾರೆ. ಎಲ್ಲಾ ಬಕೆಟ್ಟನ್ನೂ ಒಂದು ದೊಡ್ಡ ನೀರಿನ ತೊಟ್ಟೀಲಿ ನಿಲ್ಲಿಸಿದ್ರೆ ಬಿಸಿ ಸಮ ಇರುತ್ತೆ. ಮೂರನೇ ದಿನ ಚಿಪ್ಪು ತೆಗೆದು ಮೇಲ್ಮುಖ ಕೆಳಮುಖ ಬೇರೆ ಬೇರೆ ಎಣಿಸಿ, ಗೋಡೆ ಮೇಲೆ ಕೂತವನ್ನೂ ಎಣಿಸಿ, ಅದನ್ನ ಮರೆಯೋರೇ ಜಾಸ್ತಿ. ಎಣಿಸೋರಿಗೆ ಇದು ಯಾವ ಬಕೆಟ್‌ದು ಅಂತ ಹೇಳ್ಬೇಡಿ.

ಕೂತ ಮೇಲೆ ಟಾರ್ಪಾಲ್ ತೆಗೀಬಹುದಾ?

ತೆಗೀಬಹುದು, ಇನ್ನು ಅದಕ್ಕೆ ಓಡೋಕೆ ಕಾಲೂ ಇಲ್ಲ ನೋಡೋಕೆ ಕಣ್ಣೂ ಇಲ್ಲ. ಎರಡು ಮೂರು ದಿನ ಆದ ಮೇಲೆ ನೀರಲ್ಲಿ ಇನ್ನೂ ಈಜ್ತಿರೋವು ಎಷ್ಟಿವೆ ಅಂತ ಒಂದು ಲೋಟ ತೆಗೆದು ನೋಡಿ, ಕಮ್ಮಿ ಆಗಿದ್ರೆ ನೀರು ಹರಿಯೋಕೆ ಬಿಡಿ, ಊಟ ಜಾಸ್ತಿ ಮಾಡಿ. ಆದ್ರೆ ನೇರ ಬಿಸಿಲಿಗೆ ತೆರೀಬೇಡಿ, ಟ್ಯಾಂಕಲ್ಲಿ ಪಾಚಿ ಬೆಳೆದು ಚಿಪ್ಪು ಮುಚ್ಕೊಳ್ಳುತ್ತೆ, ಶೇಡ್ ನೆಟ್ ಒಂದು ಮೇಲಿರ್ಲಿ, ಒಂದೆರಡು ವಾರದಲ್ಲಿ ಬರಿಗಣ್ಣಿಗೆ ಕಾಣೋಷ್ಟು ಆದ ಮೇಲೆ ಹೊಳೆಗೆ ಇಳಿಸಿ.